ಹಿಂದೆಂದೂ ಇಲ್ಲ ಎನ್ನುವ ಮುಂಚೆ ಹಿಂದೆ ನೋಡು

ನಿನ್ನ ಇಂಗ್ಲಿಷ್ ಚೆನ್ನಾಗಿದೆ ಮಗೂ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೈದಾಗ ಮುಖ ಊದಿಸಿಕೊಂಡು ಕೂರಬಾರದು ನೋಡು. ವಾಕ್ಯ ನೆಟ್ಟಗಿದೆ, ವ್ಯಾಕರಣ ಸರಿಯಿದೆ, ಪದಗಳಿಗೂ ಬರವಿಲ್ಲ. ಆದರೆ ಒಂದು ಚಾಳಿ ಹತ್ತಿಕೊಂಡಿದೆ. ಅರ್ಜಿಯಲ್ಲಿ, ಆಫೀಸಿನ ಮೇಲ್‌ನಲ್ಲಿ, ಗೆಳೆಯರಿಗೆ ಕಳಿಸುವ ಮೆಸೇಜಿನಲ್ಲಿ, ಎಲ್ಲಿ ನೋಡಿದರೂ 'ಅನ್‌ಪ್ರೆಸಿಡೆಂಟೆಡ್'. ಕಂಪನಿಯ ಬೆಳವಣಿಗೆ ಅನ್‌ಪ್ರೆಸಿಡೆಂಟೆಡ್, ಬೆಂಗಳೂರಿನ ಟ್ರಾಫಿಕ್ ಅನ್‌ಪ್ರೆಸಿಡೆಂಟೆಡ್, ನಿನ್ನ ಉತ್ಸಾಹವೂ ಅನ್‌ಪ್ರೆಸಿಡೆಂಟೆಡ್. ಅದು ಸಾಲದು ಅಂತ 'ಲೈಕ್ ನೆವರ್ ಬಿಫೋರ್', 'ನೌ ಮೋರ್ ದ್ಯಾನ್ ಎವರ್', 'ಬೆಸ್ಟ್ ಎವರ್'. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ಹಾಗೆ ಈ ಪದಗಳನ್ನು ಉದುರಿಸಿದರೆ ಎಂಥ ಸಪ್ಪೆ ವಾಕ್ಯಕ್ಕೂ ರುಚಿ ಬರುತ್ತದೆ ಎಂದುಕೊಂಡಿದ್ದೀಯ. ಬರುವುದಿಲ್ಲ.

ಯಾಕೆ ಬರುವುದಿಲ್ಲ ಹೇಳುತ್ತೇನೆ ಕೇಳು. 'ಹಿಂದೆಂದೂ ಇಲ್ಲ' ಎನ್ನುವ ಮಾತು ಇವತ್ತಿನದಲ್ಲ, ನಿನ್ನೆಯದು. 'ಈ ಮಳೆ ಜೋರಾಗಿದೆ' ಎನ್ನಲು ಕಿಟಕಿಯಾಚೆ ನೋಡಿದರೆ ಸಾಕು. 'ಇಂಥ ಮಳೆ ಹಿಂದೆಂದೂ ಬಂದಿಲ್ಲ' ಎನ್ನಬೇಕಾದರೆ ಹಿಂದಿನ ಮಳೆಗಳ ಲೆಕ್ಕ ಗೊತ್ತಿರಬೇಕು. ಲೆಕ್ಕ ನೋಡದೆ ಆ ಮಾತು ಆಡಿದರೆ, ನಿನಗಿಂತ ಮುಂಚೆ ಬದುಕಿದವರ ಅನುಭವವನ್ನೆಲ್ಲ ಒಂದೇ ಏಟಿಗೆ ಅಳಿಸಿದಂತೆ. ನಿನಗೆ ಜಾಣತನ ಇದೆ, ತಾಳ್ಮೆ ಕಡಿಮೆ. ಅದಕ್ಕೇ ಈ ಉಪದೇಶ.

ಇಂಗ್ಲಿಷ್ ಮಾತಾಡುವವರು ಈ ವಿಷಯದಲ್ಲಿ ಏನು ಮಾಡುತ್ತಾರೆ, ಸ್ವಲ್ಪ ಗಮನಿಸಿ ನೋಡು. ಅವರ ಹತ್ತಿರ ಇದಕ್ಕೆ ಒಂದೇ ಪದ ಇಲ್ಲ, ಒಂದು ಏಣಿಯೇ ಇದೆ. ಒಂದೊಂದು ಮೆಟ್ಟಿಲಿಗೂ ಬೇರೆ ಎತ್ತರ. 'ಇನ್ ಎ ಜನರೇಷನ್' ಎಂದರೆ ಒಂದು ತಲೆಮಾರಿನಲ್ಲಿ. 'ಇನ್ ಲಿವಿಂಗ್ ಮೆಮೊರಿ' ಎಂದರೆ ಇವತ್ತು ಬದುಕಿರುವ ಮುದುಕ ಮುದುಕಿಯರ ನೆನಪು ಎಷ್ಟು ದೂರ ಹೋಗುತ್ತದೋ ಅಷ್ಟು. 'ನಾಟ್ ಸಿನ್ಸ್' ಎಂದು ಶುರುಮಾಡಿದರೆ ಮುಂದೆ ಒಂದು ಇಸವಿ ಹೇಳಲೇಬೇಕು. ಬ್ರಿಟನ್ನಿನಲ್ಲಿ ಬೇಸಿಗೆ ಸ್ವಲ್ಪ ಬಿರುಸಾದರೆ ಸಾಕು, ವಯಸ್ಸಾದವರು 1976ರ ಬೇಸಿಗೆಯನ್ನು ಎತ್ತುತ್ತಾರೆ. ಆ ವರ್ಷ ಅಂಥ ಬರ ಬಿದ್ದಿತ್ತು. 2008ರಲ್ಲಿ ಬ್ಯಾಂಕುಗಳು ಕುಸಿದಾಗ ಅಮೆರಿಕದವರು 1930ರ ದಶಕದ ಮಹಾ ಕುಸಿತದ ನಂತರ ಇಂಥದ್ದಿಲ್ಲ ಎಂದರು. ಅಲ್ಲಿ 'ಹಿಂದೆಂದೂ ಇಲ್ಲ' ಎನ್ನಲಿಲ್ಲ, ಒಂದು ಹಿಂದಿನ ಗುರುತನ್ನು ಕೊಟ್ಟರು. ಕೇಳಿದವನಿಗೆ ತಕ್ಷಣ ಅಳತೆ ಸಿಕ್ಕಿತು.

ಏಣಿಯ ತುದಿಯಲ್ಲಿ 'ಸಿನ್ಸ್ ರೆಕಾರ್ಡ್ಸ್ ಬಿಗ್ಯಾನ್' ಇದೆ. ದಾಖಲೆ ಇಡಲು ಶುರುಮಾಡಿದಾಗಿನಿಂದ ಎಂದರ್ಥ. ಇದು ನನಗೆ ತುಂಬಾ ಹಿಡಿಸಿದ ಮಾತು. ದಾಖಲೆಗೆ ಮುಂಚೆ ಏನಾಗಿತ್ತೋ ನಮಗೆ ಗೊತ್ತಿಲ್ಲ ಎಂದು ಅದೇ ಒಪ್ಪಿಕೊಳ್ಳುತ್ತದೆ, ಆದರೂ ಗಟ್ಟಿಯಾಗಿ ನಿಲ್ಲುತ್ತದೆ. ಮಧ್ಯ ಇಂಗ್ಲೆಂಡಿನ ಉಷ್ಣಾಂಶದ ತಿಂಗಳ ಲೆಕ್ಕ 1659ರಿಂದ ಸಿಗುತ್ತದೆ. ಉಪಕರಣದಿಂದ ಅಳೆದ ಇಷ್ಟು ಉದ್ದದ ಲೆಕ್ಕ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬ್ರಿಟನ್ನಿನಲ್ಲಿ 40 ದಾಟಿದ್ದು ಅದೇ ಮೊದಲು. ಅದಕ್ಕೆ ಮುಂಚಿನ ಗರಿಷ್ಠ 2019ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಬಂದ 38.7. 2022ರ ಆ ದಿನಗಳಲ್ಲಿ ಅಲ್ಲಿನ ಹವಾಮಾನ ಇಲಾಖೆ ವಿಪರೀತ ಬಿಸಿಲಿಗಾಗಿ ಮೊತ್ತಮೊದಲ ಸಲ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಕಲಬುರಗಿಯವರು ಈ 40 ಡಿಗ್ರಿ ಕೇಳಿ ನಗಬಹುದು. ಅವರಿಗೆ ಅದು ಪ್ರತಿ ಏಪ್ರಿಲ್‌ನ ಮಾತು. ಆದರೆ ಬ್ರಿಟನ್ನಿನವರ 'ನೆವರ್ ಬಿಫೋರ್' ನಿಜವಾಗಿತ್ತು, ಯಾಕೆಂದರೆ ಎಲ್ಲಿ, ಎಂದಿನಿಂದ, ಎಷ್ಟು ಎಂಬುದಕ್ಕೆ ಅವರ ಹತ್ತಿರ ಉತ್ತರವಿತ್ತು.

ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ಆಯಸ್ಸು ಸವೆಸಿದವನು. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಸುದ್ದಿ ಬರುತ್ತಿತ್ತು, ನಾವು ಕನ್ನಡ ಮಾಡುತ್ತಿದ್ದೆವು. ಪ್ರವಾಹ ಬಂದರೆ 'ಅಭೂತಪೂರ್ವ', ಸಮಾವೇಶ ನಡೆದರೆ 'ಹಿಂದೆಂದೂ ಕಾಣದ ಜನಸಾಗರ', ಜಾತ್ರೆಯಾದರೆ 'ನ ಭೂತೋ ನ ಭವಿಷ್ಯತಿ'. ಹೊಸ ಹುಡುಗರು ಹೀಗೆ ಬರೆದು ತಂದಾಗ ನಮ್ಮ ಹಿರಿಯ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹಿಂದೆ ಅಂದರೆ ಎಷ್ಟು ಹಿಂದೆ?" ಉತ್ತರ ಇಲ್ಲದಿದ್ದರೆ ಹಳೆಯ ಸಂಚಿಕೆಗಳ ಕಟ್ಟು ತೆಗೆದು ನೋಡಲು ಅಟ್ಟುತ್ತಿದ್ದರು. ಧೂಳು ಹೊಡೆದು ಪುಟ ತಿರುಗಿಸಿದರೆ ಎಷ್ಟೋ ಸಲ ಇದಕ್ಕಿಂತ ದೊಡ್ಡ ಪ್ರವಾಹ ಅಲ್ಲೇ ಸಿಗುತ್ತಿತ್ತು. ಆಗ 'ಅಭೂತಪೂರ್ವ' ಹೋಗಿ 'ಹನ್ನೊಂದು ವರ್ಷಗಳಲ್ಲೇ ಅತಿ ದೊಡ್ಡ ಪ್ರವಾಹ' ಎಂದು ಬರುತ್ತಿತ್ತು. ಓದುಗನಿಗೆ ಎರಡನೆಯದೇ ಹೆಚ್ಚು ನಾಟುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಮನೆಯೊಳಗೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವನಿಗೆ ನೆನಪಿರುತ್ತದಲ್ಲ!

ಈಗ ನಿನಗೆ ನನ್ನ ಮೆಚ್ಚಿನ ಒಂದು ಘಟನೆ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಪಾಠ ಈ ವಿಷಯದಲ್ಲಿ ಸಿಗಲಾರದು. 1954ರ ಮೇ 6, ಆಕ್ಸ್‌ಫರ್ಡ್‌ನ ಇಫ್ಲಿ ರೋಡ್ ಮೈದಾನ. ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಂದು ಮೈಲಿ ಓಡಿದ. ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಎಂಬ ಇಬ್ಬರು ಗೆಳೆಯರು ಮುಂದೆ ಓಡಿ ವೇಗ ಹಿಡಿದುಕೊಟ್ಟರು. ಅದುವರೆಗಿನ ವಿಶ್ವದಾಖಲೆ ಸ್ವೀಡನ್ನಿನ ಗುಂಡರ್ ಹೆಗ್‌ನ 4 ನಿಮಿಷ 1.4 ಸೆಕೆಂಡು. ಅದು ಒಂಬತ್ತು ವರ್ಷದಿಂದ ಅಲುಗಾಡಿರಲಿಲ್ಲ. ನಾಲ್ಕು ನಿಮಿಷದೊಳಗೆ ಮನುಷ್ಯ ಮೈಲಿ ಓಡಬಲ್ಲನೇ ಎಂಬ ಚರ್ಚೆ ಆಗ ಜಗತ್ತಿನ ತುಂಬ ಇತ್ತು.

ಫಲಿತಾಂಶ ಘೋಷಿಸಿದವನು ನಾರಿಸ್ ಮೆಕ್‌ವರ್ಟರ್. ಅವನು ಏನು ಮಾಡಿದ ಗೊತ್ತೇ? ಅದ್ಭುತ, ಅಪೂರ್ವ, ಅಸಾಧ್ಯ ಎಂದು ಒಂದು ವಿಶೇಷಣವನ್ನೂ ಬಳಸಲಿಲ್ಲ. ಸ್ಪರ್ಧೆಯ ಸಂಖ್ಯೆ ಹೇಳಿದ, ಓಟಗಾರನ ಸಂಖ್ಯೆ ಹೇಳಿದ, ಹೆಸರು ಹೇಳಿದ, ಅವನ ಕಾಲೇಜು ಹೇಳಿದ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದ. ಇದು ಈ ಮೈದಾನದ ಹೊಸ ದಾಖಲೆ. ಅಧಿಕೃತ ಮನ್ನಣೆ ಸಿಕ್ಕರೆ ಇಂಗ್ಲೆಂಡಿನ ದಾಖಲೆ, ಬ್ರಿಟನ್ನಿನ ದಾಖಲೆ, ಯೂರೋಪಿನ ದಾಖಲೆ, ಬ್ರಿಟಿಷ್ ಸಾಮ್ರಾಜ್ಯದ ದಾಖಲೆ, ವಿಶ್ವದಾಖಲೆ. ಕೊನೆಗೆ ಸಮಯ: ಮೂರು ನಿಮಿಷ... ಅಷ್ಟೇ. ಮುಂದಿನದು ಯಾರಿಗೂ ಕೇಳಲಿಲ್ಲ. ಮೈದಾನ ಮೊರೆಯಿತು. 3 ನಿಮಿಷ 59.4 ಸೆಕೆಂಡು ಎಂಬ ಪೂರ್ತಿ ಲೆಕ್ಕ ಆ ಕೂಗಿನಲ್ಲಿ ಮುಳುಗಿಹೋಯಿತು.

'ಅಧಿಕೃತ ಮನ್ನಣೆ ಸಿಕ್ಕರೆ' ಎಂಬ ಆ ಮಾತನ್ನು ಗಮನಿಸು ಮಗೂ. ಜಗತ್ತು ಕಾಯುತ್ತಿದ್ದ ಸುದ್ದಿ ಬಾಯಲ್ಲಿದೆ, ಆದರೂ ಮನ್ನಣೆ ಇನ್ನೂ ಬರಬೇಕು ಎಂದು ಹೇಳುವುದನ್ನು ಅವನು ಬಿಡಲಿಲ್ಲ. ಅದರಿಂದ ಸುದ್ದಿಯ ತೂಕ ಕಡಿಮೆಯಾಯಿತೇ? ಹೆಚ್ಚಾಯಿತು. ಲೆಕ್ಕ ತಪ್ಪದ ಮನುಷ್ಯ ಹೇಳುತ್ತಿದ್ದಾನೆ ಎಂದು ಕೇಳಿದವರಿಗೆ ಗೊತ್ತಾಯಿತು. ಇದೇ ನಾರಿಸ್ ಮತ್ತು ಅವನ ಅವಳಿ ಸಹೋದರ ರಾಸ್ ಸೇರಿ ಮರುವರ್ಷ, 1955ರಲ್ಲಿ, ಗಿನ್ನೆಸ್ ದಾಖಲೆಗಳ ಪುಸ್ತಕ ತಂದರು. ಬೇಟೆಗೆ ಹೋದವರು ಯಾವ ಹಕ್ಕಿ ಎಲ್ಲಕ್ಕಿಂತ ವೇಗವಾಗಿ ಹಾರುತ್ತದೆ ಎಂದು ಜಗಳವಾಡಿದ್ದು ಆ ಪುಸ್ತಕಕ್ಕೆ ಕಾರಣ. 'ಫಾಸ್ಟೆಸ್ಟ್' ಎಂದು ಕೂಗಿದರೆ ಸಾಲದು, ತೆಗೆದು ತೋರಿಸಬೇಕು ಎಂಬ ಹಟವೇ ಪುಸ್ತಕವಾಯಿತು.

ಬ್ಯಾನಿಸ್ಟರನ ಕಥೆಗೆ ಇನ್ನೊಂದು ತುಣುಕಿದೆ. ಅವನ ದಾಖಲೆ ಎಷ್ಟು ದಿನ ಉಳಿಯಿತು? 46 ದಿನ. ಜೂನ್ 21ರಂದು ಫಿನ್ಲೆಂಡಿನ ಟುರ್ಕುವಿನಲ್ಲಿ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದನ್ನು ಮುರಿದ. ಇವತ್ತು ಆ ದಾಖಲೆ ಮೊರೊಕ್ಕೊದ ಹಿಶಾಮ್ ಎಲ್ ಗೆರೂಜ್ 1999ರಲ್ಲಿ ಮಾಡಿದ 3 ನಿಮಿಷ 43.13 ಸೆಕೆಂಡಿಗೆ ಬಂದು ನಿಂತಿದೆ. 'ಎಲ್ಲಕ್ಕಿಂತ ಹೆಚ್ಚು' ಎಂಬುದು ಬಾಡಿಗೆ ಮನೆ, ಖಾಲಿ ಮಾಡಲೇಬೇಕು. 'ಮೊದಲು' ಎಂಬುದನ್ನು ಯಾರೂ ಕಿತ್ತುಕೊಳ್ಳಲಾರರು. ನಾಲ್ಕು ನಿಮಿಷದೊಳಗೆ ಮೊದಲು ಓಡಿದವನು ಎಂದೆಂದಿಗೂ ಬ್ಯಾನಿಸ್ಟರನೇ. ನೀನು ಏನನ್ನಾದರೂ ಹೊಗಳುವಾಗ ಇದು ಮೊದಲನೆಯದೋ ದೊಡ್ಡದೋ ಎಂದು ನಿನ್ನನ್ನೇ ಕೇಳಿಕೋ. ಎರಡನ್ನೂ ಕಲಸಬೇಡ.

ಖುಷಿಯಲ್ಲಿ ನಾಲಿಗೆ ಜಾರುತ್ತದೆ, ನನಗೆ ಗೊತ್ತು. ದೊಡ್ಡ ದೊಡ್ಡವರದೇ ಜಾರಿದೆ. 1969ರ ಜುಲೈ 24ರಂದು ಚಂದ್ರನಿಂದ ಮರಳಿದ ಮೂವರನ್ನು ಅಮೆರಿಕದ ಅಧ್ಯಕ್ಷ ನಿಕ್ಸನ್ ಹಾರ್ನೆಟ್ ಯುದ್ಧನೌಕೆಯ ಮೇಲೆ ಸ್ವಾಗತಿಸಿದರು. ಆ ಸಂತೋಷದಲ್ಲಿ, ಸೃಷ್ಟಿಯಾದಾಗಿನಿಂದ ಜಗತ್ತಿನ ಇತಿಹಾಸದಲ್ಲೇ ಇದು ಅತಿ ದೊಡ್ಡ ವಾರ ಎಂದುಬಿಟ್ಟರು. ಅವರ ಗೆಳೆಯರೇ ಆಗಿದ್ದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ, ಯೇಸುವಿನ ಹುಟ್ಟು, ಸಾವು, ಪುನರುತ್ಥಾನಗಳನ್ನು ನೆನಪಿಸಿಕೊಟ್ಟರು. ಒಬ್ಬ ಕ್ರೈಸ್ತ ಹಾಗೆ ಹೇಳುವಾಗ ಆ ಮೂರನ್ನು ಮರೆಯಬಾರದಿತ್ತಲ್ಲ. ಚಂದ್ರನ ಮೇಲೆ ಮನುಷ್ಯ ನಡೆದದ್ದು ನಿಜಕ್ಕೂ ಹಿಂದೆಂದೂ ಆಗದ್ದು. ಅಷ್ಟು ಹೇಳಿ ನಿಲ್ಲಿಸಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಸತ್ಯ ಕೈಯಲ್ಲಿ ಇದ್ದಾಗಲೂ ಅದಕ್ಕಿಂತ ಒಂದು ಗೇಣು ಹೆಚ್ಚು ಹೇಳುವ ಆಸೆಯೇ ನಮ್ಮನ್ನು ಸಿಕ್ಕಿಸಿಹಾಕುವುದು.

ಇನ್ನೂ ಕೆಲವು ಸಲ ಅತಿಮಾತು ಜೀವಕ್ಕೇ ಎರವಾಗುತ್ತದೆ. ಟೈಟಾನಿಕ್ ಕಟ್ಟುತ್ತಿದ್ದ ಕಾಲದಲ್ಲಿ, 1911ರಲ್ಲಿ, ಹಡಗು ನಿರ್ಮಾಣದ ಒಂದು ಪತ್ರಿಕೆ ಅದರ ನೀರು ತಡೆಯುವ ಬಾಗಿಲುಗಳ ವ್ಯವಸ್ಥೆಯನ್ನು ವಿವರಿಸುತ್ತಾ, ಅದರಿಂದ ಹಡಗು ಹೆಚ್ಚುಕಡಿಮೆ ಮುಳುಗದಂತಾಗಿದೆ ಎಂದು ಬರೆದಿತ್ತು. ಜನರ ಬಾಯಲ್ಲಿ 'ಹೆಚ್ಚುಕಡಿಮೆ' ಉದುರಿಹೋಯಿತು, 'ಮುಳುಗದ ಹಡಗು' ಉಳಿಯಿತು. 1912ರ ಏಪ್ರಿಲ್ 15ರ ನಸುಕಿನಲ್ಲಿ ಅದು ಮುಳುಗಿದಾಗ 1,500ಕ್ಕೂ ಹೆಚ್ಚು ಜನ ಸತ್ತರು. ಎರಡು ವರ್ಷ ಕಳೆದ ಮೇಲೆ ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಅದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧ ಎಂದು ಎಚ್.ಜಿ. ವೆಲ್ಸ್ ಬರೆದರು. ಜನ ಅದನ್ನು 'ಗ್ರೇಟ್ ವಾರ್' ಎಂದು ಕರೆದರು. 1939ರಲ್ಲಿ ಇನ್ನೊಂದು ಬಂತು. ಮಹಾಯುದ್ಧ ಎನ್ನಿಸಿಕೊಂಡದ್ದು ಬರೀ 'ಮೊದಲನೆಯದು' ಆಯಿತು. 'ಇನ್ನು ಮುಂದೆ ಇಂಥದ್ದಿಲ್ಲ' ಎನ್ನುವ ಮಾತಿಗೆ ನಾಳೆ ಎಂಬ ಸಾಕ್ಷಿ ಬಂದು ಹೇಳಿಕೆ ಕೊಡುತ್ತದೆ, ಮರೆಯಬೇಡ.

ನಿನ್ನ ಕಾಲದ ಸಂಗತಿಗೇ ಬರೋಣ. 2020ರಲ್ಲಿ ಕೋವಿಡ್ ಬಂದಾಗ ಇಂಗ್ಲಿಷ್ ಬಲ್ಲವರೆಲ್ಲ ದಿನಕ್ಕೆ ಎಷ್ಟು ಸಲ 'ಅನ್‌ಪ್ರೆಸಿಡೆಂಟೆಡ್' ಎಂದರೋ! ಆಕ್ಸ್‌ಫರ್ಡ್ ನಿಘಂಟಿನವರು ಆ ವರ್ಷಕ್ಕೆ ಒಂದೇ ಪದ ಆರಿಸಲಾರದೆ ಹೋದರು. ಅವರು ಹೊರಡಿಸಿದ ವರದಿಯ ತಲೆಬರಹದಲ್ಲೇ ಆ ಪದ ಕೂತಿತ್ತು. ಹಾಗಾದರೆ ಆ ಕಾಲ ಹಿಂದೆಂದೂ ಕಾಣದ್ದೇ? 1918ರ ಇನ್‌ಫ್ಲುಯೆಂಜಾ ನೆನಪಿಸಿಕೋ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಸತ್ತರೆಂದು ಅಂದಾಜು. ಆಗಲೂ ಶಾಲೆಗಳು ಮುಚ್ಚಿದ್ದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಸ್ಕ್ ಹಾಕಿಕೊಳ್ಳಿ ಎಂದು ಕಾನೂನಾಗಿತ್ತು, ಹಾಕುವುದಿಲ್ಲ ಎನ್ನುವವರ ಒಂದು ಸಂಘವೂ ಹುಟ್ಟಿತ್ತು. ನಮ್ಮ ಬೆಂಗಳೂರಿನಲ್ಲೇ 1898ರಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟರು. ಹಳೆಯ ಬಡಾವಣೆಗಳಲ್ಲಿ ಪ್ಲೇಗಮ್ಮನ ಗುಡಿಗಳು ಸುಮ್ಮನೆ ಎದ್ದು ನಿಂತವೇ?

ಆದರೆ ಅದೇ 2020ರಲ್ಲಿ ನಿಜವಾಗಿ ಹಿಂದೆಂದೂ ಆಗದ ಒಂದು ಕೆಲಸ ಆಯಿತು. ಜನವರಿಯಲ್ಲಿ ವೈರಸ್ಸಿನ ಜೀನೋಮ್ ವಿವರ ಹೊರಬಂತು, ಡಿಸೆಂಬರ್ 8ರಂದು ಬ್ರಿಟನ್ನಿನಲ್ಲಿ ಜನರಿಗೆ ಲಸಿಕೆ ಹಾಕಲು ಶುರುವಾಯಿತು. ಅದಕ್ಕೆ ಮುಂಚೆ ಅತಿ ಬೇಗ ತಯಾರಾಗಿದ್ದು ಕೆಪ್ಪಟೆಬಾವಿನ ಲಸಿಕೆ, ಅದಕ್ಕೆ ಹಿಡಿದದ್ದು ಸುಮಾರು ನಾಲ್ಕು ವರ್ಷ. ನಾಲ್ಕು ವರ್ಷದ ಕೆಲಸ ಒಂದು ವರ್ಷದೊಳಗೆ! ಇಲ್ಲಿ ಬಳಸಬೇಕಿತ್ತು ಆ ಪದವನ್ನು. ಇಡೀ ವರ್ಷ ಅದನ್ನು ಕಂಡಕಂಡಲ್ಲಿ ಎರಚಿದ್ದರಿಂದ, ಅದು ನಿಜವಾಗಿ ಬೇಕಾದ ಹೊತ್ತಿಗೆ ಯಾರ ಕಿವಿಗೂ ತಾಗಲಿಲ್ಲ.

ಇದು ಇವತ್ತಿನ ರೋಗ ಮಾತ್ರವಲ್ಲ. ಇನ್ನೂರು ವರ್ಷದ ಹಿಂದೆಯೇ ಜೇನ್ ಆಸ್ಟನ್ ತನ್ನ 'ನಾರ್ಥಾಂಗರ್ ಅಬ್ಬೆ' ಕಾದಂಬರಿಯಲ್ಲಿ ಇಸಬೆಲ್ಲಾ ಥಾರ್ಪ್ ಎಂಬ ಹುಡುಗಿಯನ್ನು ತಂದಳು. ಇಸಬೆಲ್ಲಾಗೆ ಯಾವುದೂ ಸಾಧಾರಣವಲ್ಲ. ಗೆಳತಿಗಾಗಿ ಐದು ನಿಮಿಷ ಕಾದರೆ ಯುಗ ಕಳೆದಂತೆ, ಸ್ನೇಹವೆಂದರೆ ಪ್ರಾಣ ಕೊಟ್ಟಂತೆ. ಕಥೆ ಮುಗಿಯುವಷ್ಟರಲ್ಲಿ ಅವಳ ಮಾತೂ ಪೊಳ್ಳು, ಸ್ನೇಹವೂ ಪೊಳ್ಳು ಎಂದು ಗೊತ್ತಾಗುತ್ತದೆ. ಆಸ್ಟನ್ ಜಾಣೆ. ಅತಿಮಾತನ್ನು ವ್ಯಾಕರಣದ ತಪ್ಪೆಂದು ನೋಡಲಿಲ್ಲ, ಸ್ವಭಾವದ ಲಕ್ಷಣವೆಂದು ನೋಡಿದಳು. ನಾನೂ ಹಾಗೇ ನೋಡುತ್ತೇನೆ. ಆದ್ದರಿಂದಲೇ ನಿನ್ನ ಬೆನ್ನು ಹತ್ತಿದ್ದೇನೆ.

ನಿನ್ನ ದಿನದ ಮಾತನ್ನೇ ಕೇಳಿಸಿಕೋ. ವೈಫೈ ಹೋದರೆ 'ವರ್ಸ್ಟ್ ಡೇ ಎವರ್'. ಕಾಫಿ ಚೆನ್ನಾಗಿದ್ದರೆ 'ಬೆಸ್ಟ್ ಕಾಫಿ ಎವರ್'. ಮನೆಯಲ್ಲಿ ಸಿಟ್ಟು ಬಂದರೆ 'ಯು ನೆವರ್ ಲಿಸನ್ ಟು ಮಿ'. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. 'ನಿನ್ನೆ ನಾನು ಹೇಳಿದ್ದು ನೀನು ಕೇಳಲಿಲ್ಲ' ಎಂದರೆ ಎದುರಿನವರು ಒಪ್ಪಿಕೊಳ್ಳಬಹುದು. 'ಯಾವತ್ತೂ ಕೇಳುವುದಿಲ್ಲ' ಎಂದರೆ, ಕೇಳಿದ ಸಾವಿರ ದಿನವನ್ನು ಅವರ ಲೆಕ್ಕದಿಂದ ತೆಗೆದುಹಾಕಿದ ಹಾಗೆ. ಜಗಳ ನಿನ್ನೆಯ ವಿಷಯ ಬಿಟ್ಟು ಆ ಸಾವಿರ ದಿನದ ಮೇಲೆ ಹೋಗುತ್ತದೆ. ಎಷ್ಟೋ ಸಂಸಾರಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಗಳುವಾಗಲೂ ಅಷ್ಟೇ. 'ಲೋಕದಲ್ಲೇ ಇಂಥ ಸಾರಿಲ್ಲ' ಎಂದರೆ ಅಮ್ಮ ನಕ್ಕು ಸುಮ್ಮನಾಗುತ್ತಾಳೆ. 'ಇವತ್ತು ಸಾರಿಗೆ ಮೆಣಸು ಹುರಿದು ಹಾಕಿದ್ದೀಯ, ಅದಕ್ಕೇ ಎರಡು ಸಲ ಬಡಿಸಿಕೊಂಡೆ' ಎಂದು ನೋಡು, ಅವಳ ಮುಖ ಹೇಗೆ ಅರಳುತ್ತದೆ ಅಂತ.

ಹಾಗಂತ ಎಲ್ಲವನ್ನೂ ತಗ್ಗಿಸಿ ಹೇಳು ಎನ್ನುತ್ತಿಲ್ಲ. ಇಂಗ್ಲಿಷರಿಗೆ ಆ ಅಭ್ಯಾಸವೂ ಇದೆ. ದೊಡ್ಡದನ್ನು ಬೇಕೆಂದೇ ಚಿಕ್ಕದಾಗಿ ಹೇಳುತ್ತಾರೆ, ಕೇಳುವವನು ಅದರ ಗಾತ್ರವನ್ನು ತಾನೇ ಕಂಡುಕೊಳ್ಳುತ್ತಾನೆ. 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಜಾವಾ ಹತ್ತಿರ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಸಿಕ್ಕಿಕೊಂಡು ನಾಲ್ಕೂ ಎಂಜಿನ್ ನಿಂತುಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದಿಷ್ಟು: ಒಂದು ಸಣ್ಣ ತೊಂದರೆಯಾಗಿದೆ, ನಾಲ್ಕು ಎಂಜಿನ್‌ಗಳೂ ನಿಂತಿವೆ, ಮತ್ತೆ ಶುರುಮಾಡಲು ಕೈಲಾದದ್ದೆಲ್ಲ ಮಾಡುತ್ತಿದ್ದೇವೆ. ಎಂಜಿನ್‌ಗಳು ಮತ್ತೆ ಹತ್ತಿಕೊಂಡವು, ವಿಮಾನ ಜಕಾರ್ತದಲ್ಲಿ ಇಳಿಯಿತು, ಒಂದು ಜೀವವೂ ಹೋಗಲಿಲ್ಲ. ತೊಂದರೆ ಸಣ್ಣದೆಂದ, ಸರಿ. ಆದರೆ ಎಷ್ಟು ಎಂಜಿನ್ ನಿಂತಿವೆ ಎಂಬುದನ್ನು ಮುಚ್ಚಿಡಲಿಲ್ಲ, ನೋಡು. ಸ್ವರ ತಗ್ಗಿತ್ತು, ಲೆಕ್ಕ ಪೂರ್ತಿ ಇತ್ತು. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಲೆಕ್ಕವನ್ನೂ ತಗ್ಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಕೊರಿಯಾ ಯುದ್ಧ ನೋಡು. 1951ರ ಏಪ್ರಿಲ್‌ನಲ್ಲಿ ಇಮ್‌ಜಿನ್ ನದಿಯ ಬಳಿ ಬ್ರಿಟನ್ನಿನ ಗ್ಲಾಸ್ಟರ್‌ಶೈರ್ ತುಕಡಿಯನ್ನು ಚೀನೀ ಸೇನೆ ಸುತ್ತುವರಿಯಿತು. ಪರಿಸ್ಥಿತಿ ಹೇಗಿದೆ ಎಂದು ಅಮೆರಿಕದ ಜನರಲ್ ಕೇಳಿದಾಗ ಬ್ರಿಗೇಡಿಯರ್ ಟಾಮ್ ಬ್ರೋಡಿ 'ಸ್ವಲ್ಪ ಸ್ಟಿಕಿ ಆಗಿದೆ' ಎಂಬರ್ಥದ ಮಾತು ಹೇಳಿದರು. ಇಂಗ್ಲಿಷ್ ಅಧಿಕಾರಿಯ ಬಾಯಲ್ಲಿ ಅದು 'ಸರ್ವನಾಶದ ಅಂಚಿನಲ್ಲಿದ್ದೇವೆ' ಎಂದು. ಅಮೆರಿಕದವರ ಕಿವಿಗೆ 'ಕಷ್ಟ ಇದೆ, ನಿಭಾಯಿಸುತ್ತೇವೆ' ಎಂದು ಕೇಳಿಸಿತು. ಒಂದೇ ಭಾಷೆ, ಎರಡು ನಾಡು. ಹೊತ್ತಿಗೆ ನೆರವು ಬರಲಿಲ್ಲ, ಆ ತುಕಡಿಯ ಬಹುಪಾಲು ಜನ ಸೆರೆಯಾದರು. ನೀನು ನಾಳೆ ಅಮೆರಿಕದವರ ಜೊತೆ, ಬ್ರಿಟನ್ನಿನವರ ಜೊತೆ, ಜರ್ಮನಿಯವರ ಜೊತೆ ಕೆಲಸ ಮಾಡುವವ. ಸರ್ವರ್ ಪೂರ್ತಿ ಬಿದ್ದಿದ್ದರೆ 'ಸ್ಲೈಟ್ ಇಶ್ಯೂ' ಎನ್ನಬೇಡ. ಒಂದು ಗಂಟೆ ನಿಧಾನವಾಗಿದ್ದಕ್ಕೆ 'ಅನ್‌ಪ್ರೆಸಿಡೆಂಟೆಡ್ ಫೇಲ್ಯೂರ್' ಎಂದೂ ಬರೆಯಬೇಡ. ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಜನಕ್ಕೆ ತೊಂದರೆ, ಕಳೆದ ಸಲ ಇಂಥದ್ದು ಯಾವಾಗ ಆಗಿತ್ತು, ಇಷ್ಟು ಬರೆ. ಯಾವ ದೇಶದವನಿಗಾದರೂ ಅರ್ಥವಾಗುತ್ತದೆ.

ಲೆಕ್ಕ ಬಲವಾಗಿದ್ದರೆ ಒತ್ತು ತಾನಾಗಿಯೇ ಬರುತ್ತದೆ. ಬ್ರಾಡ್‌ಮನ್ ಎಂಬ ಕ್ರಿಕೆಟಿಗನ ಬಗ್ಗೆ ಆಸ್ಟ್ರೇಲಿಯಾದವರು ಎಷ್ಟು ವಿಶೇಷಣ ಬಳಸುತ್ತಾರೆ? 99.94 ಎಂದರೆ ಮುಗಿಯಿತು. 52 ಟೆಸ್ಟ್, 6,996 ರನ್. 1948ರಲ್ಲಿ ಓವಲ್‌ನ ಕೊನೆಯ ಇನ್ನಿಂಗ್ಸ್‌ನಲ್ಲಿ ನಾಲ್ಕೇ ನಾಲ್ಕು ರನ್ ಮಾಡಿದ್ದರೆ ಸರಾಸರಿ ನೂರಾಗುತ್ತಿತ್ತು, ಸೊನ್ನೆಗೆ ಔಟಾದ. ಆ ಸಂಖ್ಯೆಯ ಪಕ್ಕದಲ್ಲಿ 'ಗ್ರೇಟೆಸ್ಟ್ ಎವರ್' ಎಂದು ಬರೆದರೆ ಸಂಖ್ಯೆಯೇ ತುಸು ಮಂಕಾದೀತು.

ನಮ್ಮ ಕುಂಬ್ಳೆಯನ್ನೇ ತೆಗೆದುಕೋ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಇಂಗ್ಲಿಷ್ ಪತ್ರಿಕೆಗಳು ಏನು ಬರೆದವು? ಟೆಸ್ಟ್ ಇತಿಹಾಸದಲ್ಲಿ ಎರಡನೆಯವನು, 1956ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜಿಮ್ ಲೇಕರ್ ಮಾಡಿದ ಮೇಲೆ. ಆ 'ಎರಡನೆಯವನು' ಎಂಬ ಮಾತಿನಲ್ಲಿ ಕುಂಬ್ಳೆ ಚಿಕ್ಕವರಾದರೇ? ಸುಮಾರು 43 ವರ್ಷ ಯಾರ ಕೈಗೂ ಸಿಗದ್ದು ಇವರಿಗೆ ಸಿಕ್ಕಿತು ಎಂಬುದು ಅದರಿಂದಲೇ ತಿಳಿಯಿತು. 2021ರಲ್ಲಿ ಮುಂಬೈಯಲ್ಲಿ ಏಜಾಜ್ ಪಟೇಲ್ ಮೂರನೆಯವನಾದ. ಮೂವರ ಸಾಲಿನಲ್ಲಿ ನಿಲ್ಲುವುದು 'ಹಿಂದೆಂದೂ ಕಾಣದ ಬೌಲಿಂಗ್' ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಮರ್ಯಾದೆ. ಹಿಂದಿನವರ ಹೆಸರು ಹೇಳಿದರೆ ನಿನ್ನ ಹೆಸರು ಕುಗ್ಗುವುದಿಲ್ಲ ಮಗೂ. ನೀನು ಯಾರ ಪಕ್ಕದಲ್ಲಿ ನಿಂತಿದ್ದೀಯ ಎಂದು ಗೊತ್ತಾಗುತ್ತದೆ.

'ಹಾಗಾದರೆ ನೆವರ್ ಎನ್ನುವುದೇ ಬೇಡವೇ ತಾತ?' ಎಂದು ಕೇಳುತ್ತೀಯ. ಬೇಕು, ಖಂಡಿತ ಬೇಕು. 1940ರ ಆಗಸ್ಟ್ 20ರಂದು ಚರ್ಚಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ ಆಡಿದ ಮಾತು ಇವತ್ತಿಗೂ ಬದುಕಿದೆ. ಮನುಷ್ಯರ ಕಾಳಗಗಳ ಇತಿಹಾಸದಲ್ಲಿ ಇಷ್ಟು ಮಂದಿ ಇಷ್ಟು ಕಡಿಮೆ ಮಂದಿಗೆ ಇಷ್ಟು ಋಣಿಯಾದದ್ದಿಲ್ಲ ಎಂಬ ಭಾವದ ಆ ವಾಕ್ಯವನ್ನು 'ನೆವರ್' ಎಂದೇ ಶುರುಮಾಡಿದರು. ಅದು ಯಾಕೆ ಉಳಿಯಿತು? ಅಳತೆ ಒಳಗೇ ಇದೆ. ಒಂದು ಕಡೆ ಇಡೀ ದೇಶ, ಇನ್ನೊಂದು ಕಡೆ ಸುಮಾರು 3,000 ವಿಮಾನಯೋಧರು. ಪದಗಳು ಮಗುವಿಗೂ ಗೊತ್ತಿರುವಂಥವು. ಹೊಗಳಿದ್ದೂ ತನ್ನನ್ನಲ್ಲ, ಬೇರೆಯವರನ್ನು. ಈ ಮೂರನೆಯದನ್ನು ಗಂಟು ಹಾಕಿಕೋ. 'ಹಿಂದೆಂದೂ ಇಲ್ಲ' ಎಂಬುದನ್ನು ಬೇರೆಯವರಿಗೆ ಕೊಟ್ಟರೆ ಅದು ಗೌರವ, ನೀನೇ ಹೊದ್ದುಕೊಂಡರೆ ಭಾರ.

ಇಷ್ಟು ಹೇಳಿದ ಮೇಲೆ ಕೆಲಸಕ್ಕೆ ಬರುವ ಒಂದು ರೂಢಿ ಹೇಳಿಕೊಡುತ್ತೇನೆ. 'ಎವರ್', 'ನೆವರ್', 'ಅನ್‌ಪ್ರೆಸಿಡೆಂಟೆಡ್' ಬೆರಳ ತುದಿಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೋ. ಯಾವುದರಲ್ಲಿ? ಎಲ್ಲಿ? ಎಂದಿನಿಂದ? ಯಾರು ಅಳೆದರು? ನಾಲ್ಕಕ್ಕೂ ಉತ್ತರ ಸಿಕ್ಕರೆ ಪದ ಬಳಸು, ಉತ್ತರವನ್ನೂ ಪಕ್ಕದಲ್ಲಿ ಬರೆ. ಎರಡಕ್ಕೆ ಮಾತ್ರ ಸಿಕ್ಕರೆ ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗೆ ಇಳಿ. 'ನಮ್ಮ ತಂಡದಲ್ಲಿ ಮೊದಲ ಸಲ', 'ಐದು ವರ್ಷಗಳಲ್ಲಿ ಹೆಚ್ಚು', 'ನಾನು ಕಂಡಂತೆ' ಎನ್ನು. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಎವರ್ ಸೀನ್' ಎಂದು ಸೇರಿಸುತ್ತಾರಲ್ಲ, ಅದು ಸುಮ್ಮನೆ ಬಾಲವಲ್ಲ. ನನ್ನ ಕಣ್ಣಿನ ಅಳತೆ ಇಷ್ಟೇ ಎಂದು ಒಪ್ಪಿಕೊಳ್ಳುವ ಸಭ್ಯತೆ. ಒಂದಕ್ಕೂ ಉತ್ತರ ಇಲ್ಲದಿದ್ದರೆ ಪದ ಹೊಡೆದುಹಾಕು, ಏನು ನಡೆಯಿತೋ ಅದನ್ನು ಬರೆ. ನಿನ್ನ ಉತ್ಸಾಹ ಅಪೂರ್ವ ಎಂದು ಯಾರಿಗೂ ಹೇಳಬೇಡ. ರಜೆಯಲ್ಲೂ ಬಂದು ಏನು ಮುಗಿಸಿದೆ ಎಂದು ಹೇಳು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಇನ್ನೊಂದು ಮಾತು, ಕೊನೆಯದು. ಈ ಮುದುಕ ಬೈದ ಅಂತ ಹೆದರಿ, ನಿಜವಾಗಿ ಹೊಸದೊಂದು ನಿನ್ನ ಕೈಯಿಂದ ಆದ ದಿನ ತುಟಿ ಹೊಲಿದುಕೊಂಡು ಕೂರಬೇಡ. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಆ ಸಂಕೋಚವೂ ಇದೆ, ಅದೂ ಒಳ್ಳೆಯದಲ್ಲ. ಅವತ್ತು ಎದ್ದು ನಿಂತು, ಮುಂಚೆ ಯಾರು ಎಲ್ಲಿಯವರೆಗೆ ಬಂದಿದ್ದರು ಎಂದು ಹೇಳು, ನೀನು ಅಲ್ಲಿಂದ ಮುಂದೆ ಎಷ್ಟು ಹೋದೆ ಎಂದು ಹೇಳು, ಆಮೇಲೆ 'ನೆವರ್ ಬಿಫೋರ್' ಅನ್ನು ಗಂಟಲು ಬಿಚ್ಚಿ ಹೇಳು. ಅದುವರೆಗೆ ಮಾತನ್ನು ಹಿಡಿತದಲ್ಲಿ ಇಟ್ಟುಕೊಂಡು ಬಂದಿದ್ದರೆ, ಜನ ಒಂದೇ ಸಲಕ್ಕೆ ನಂಬುತ್ತಾರೆ.